ಕೆಂಪು ಎಲ್ಲಿದೆ, ಮೊದಲು ನೋಡಿ: ಡೈಪರ್ ದದ್ದಿನ ದೋಷ ಹುಡುಕುವ ಬಗೆ

ನಾನು ಧಾರವಾಡದ ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಹುಡುಗರಿಗೆ ಪಾಠ ಹೇಳುತ್ತೇನೆ. ಮೋಟಾರು ತಿರುಗುತ್ತಿಲ್ಲ ಎಂದ ಕೂಡಲೇ ಕೆಪಾಸಿಟರ್ ಬಿಚ್ಚಲು ಹೊರಡುವ ಹುಡುಗನನ್ನು ತಡೆದು, ‘ಮೊದಲು ಕರೆಂಟ್ ಬರುತ್ತಿದೆಯೋ ಇಲ್ಲವೋ ನೋಡಪ್ಪ’ ಎನ್ನುವುದೇ ನನ್ನ ಕೆಲಸದ ಅರ್ಧ ಭಾಗ. ಅಂಥ ನಾನು, ನನ್ನ ಕೂಸಿನ ಕುಂಡೆ ಕೆಂಪಾದ ದಿನ ಮಾಡಿದ್ದೇನು? ಬೆಳಗ್ಗೆ ಬೇವಿನ ನೀರು, ಹತ್ತು ಗಂಟೆಗೆ ಕೊಬ್ಬರಿ ಎಣ್ಣೆ, ಮಧ್ಯಾಹ್ನ ಅರಿಶಿನ, ಸಂಜೆ ಪಕ್ಕದ ಮನೆಯವರು ಕೊಟ್ಟ ಪೌಡರ್. ರಾತ್ರಿಯ ಹೊತ್ತಿಗೆ ಕೂಸು ಹಳದಿಯಾಗಿತ್ತು. ಕೆಂಪು ಇನ್ನೂ ಇದೆಯೋ ಇಲ್ಲವೋ ಎಂದು ನೋಡೋಣವೆಂದರೆ ಅರಿಶಿನದ ಅಡಿಯಲ್ಲಿ ಏನೂ ಕಾಣುತ್ತಿರಲಿಲ್ಲ.

ಅವಳಿಗೆ ವರ್ಷ ತುಂಬುವುದರೊಳಗೆ ಅದೇ ಜಾಗ ಮೂರು ಸಲ ಕೆಂಪಾಯಿತು. ಮೂರು ಸಲವೂ ಕಾರಣ ಬೇರೆ, ಗುಣವಾದ ಬಗೆಯೂ ಬೇರೆ. ಮನೆಮದ್ದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬ ಜಗಳವನ್ನು ನಾನು ಅಲ್ಲಿಗೇ ಬಿಟ್ಟೆ. ಯಾವ ಕೆಂಪಿಗೆ ಎಂದು ಕೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ.

ಹಚ್ಚುವ ಮೊದಲು ನೋಡುವುದು

ಕೂಸನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಮಲಗಿಸಿ. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಕೆಂಪಾಗಿಯೇ ಕಾಣುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಹಳೆಯ ಧೋತರದ ಮೆತ್ತನೆಯ ಅರಿವೆಯಿಂದ ಒತ್ತಿ ಒರೆಸಿ, ತಿಕ್ಕಬೇಡಿ. ಐದು ನಿಮಿಷ ಗಾಳಿಗೆ ಬಿಡಿ. ಆಮೇಲೆ ಎರಡು ಬೆರಳಿನಿಂದ ತೊಡೆಸಂದಿನ ಮಡಿಕೆಯನ್ನು ಬಿಡಿಸಿ ಒಳಗೆ ನೋಡಿ. ಇಡೀ ಪರೀಕ್ಷೆಯ ತಿರುಳು ಇರುವುದು ಈ ಮಡಿಕೆಯಲ್ಲಿ.

ಉಬ್ಬಿದ ಭಾಗಗಳು, ಅಂದರೆ ಕುಂಡೆಯ ಮೇಲ್ಭಾಗ, ಕೆಳಹೊಟ್ಟೆ, ತೊಡೆಯ ಒಳಮೈ ಕೆಂಪಾಗಿದ್ದು ಮಡಿಕೆಯೊಳಗೆ ಚರ್ಮ ಸರಿಯಾಗಿದ್ದರೆ ದೋಷ ಒದ್ದೆಯದು. ಡೈಪರ್ ತಾಗುವುದು ಉಬ್ಬಿಗೆ, ಮಡಿಕೆಗಲ್ಲ. ಮಡಿಕೆಯೊಳಗೇ ಹಸಿ ಮಾಂಸದಂತೆ ಕೆಂಪಾಗಿ, ಅದರ ಅಂಚಿನಾಚೆ ಸಾಸಿವೆ ಚೆಲ್ಲಿದ ಹಾಗೆ ಚಿಕ್ಕ ಚಿಕ್ಕ ಗುಳ್ಳೆಗಳಿದ್ದರೆ ಅದು ಶಿಲೀಂಧ್ರ, ಕ್ಯಾಂಡಿಡಾ. ಕೆಂಪು ಗುದದ್ವಾರದ ಸುತ್ತ ಮಾತ್ರ ಇದ್ದರೆ ಕಳೆದ ಎರಡು ದಿನದ ಕಕ್ಕವನ್ನು ನೆನಪಿಸಿಕೊಳ್ಳಿ. ಗೆರೆ ಎಳೆದಂತೆ ಸೊಂಟದಲ್ಲೋ ತೊಡೆಯ ಸುತ್ತಲೋ ಇದ್ದರೆ ಅಲ್ಲಿ ಏನೋ ಬಿಗಿಯುತ್ತಿದೆ.

ನಮ್ಮ ಕಡೆಯ ಮಕ್ಕಳ ಬಗ್ಗೆ ಒಂದು ಮಾತು. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕೆಂಪಾಗಿ ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಗಾಢವಾಗಿ, ಕೆಲವೊಮ್ಮೆ ನೇರಳೆ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿ: ಬಿಸಿಯಾಗಿದೆಯೇ, ದೊರಗಾಗಿದೆಯೇ, ಮುಟ್ಟಿದರೆ ಕೂಸು ಕಾಲು ಎಳೆದುಕೊಳ್ಳುತ್ತದೆಯೇ? ಇಂಟರ್ನೆಟ್ಟಿನಲ್ಲಿ ಸಿಗುವ ಗುಲಾಬಿ ಬಣ್ಣದ ಮಕ್ಕಳ ಚಿತ್ರದೊಂದಿಗೆ ಹೋಲಿಸುತ್ತ ಕೂತರೆ ಮೋಸ ಹೋಗುತ್ತೀರಿ.

ಒದ್ದೆಯ ದೋಷ, ಧಾರವಾಡದ ಜುಲೈ

ಬಾಣಂತನ ಮುಗಿಸಿ ತವರಿನಿಂದ ಮಾಳಮಡ್ಡಿಯ ಮನೆಗೆ ಬಂದಾಗ ಕೂಸಿಗೆ ಆರು ತಿಂಗಳು. ಜುಲೈ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಪಡಸಾಲೆಯ ಹಗ್ಗದಲ್ಲಿ ಹಾಕಿದ ಲಂಗೋಟಿ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಅಂಗೈಗೆ ಒಣಗಿದಂತೆಯೇ ಅನಿಸುತ್ತಿತ್ತು. ಒಂದು ದಿನ ಅತ್ತೆಯವರು ಅದನ್ನು ಕೆನ್ನೆಗೆ ಹಿಡಿದು, ‘ಇದು ಇನ್ನೂ ಹಸಿಯಾಗಿದೆ, ನೋಡು’ ಎಂದರು. ಕೆನ್ನೆಗೆ ತಣ್ಣಗೆ ತಾಗಿತು. ಅಂಗೈಗಿಂತ ಕೆನ್ನೆ ಒಳ್ಳೆಯ ಮೀಟರು. ಅಂದಿನಿಂದ ನಾನೂ ಕೆನ್ನೆಗೆ ಹಿಡಿದೇ ನೋಡುತ್ತೇನೆ.

ಒದ್ದೆ ಚರ್ಮ ಏಕೆ ಕೆಡುತ್ತದೆ? ನೆನೆದ ಚರ್ಮ ಮೆದುವಾಗಿ ಉಜ್ಜಿದ ಕಡೆ ಬೇಗ ಸುಲಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಉಚ್ಚೆ ಮತ್ತು ಕಕ್ಕ ಜೊತೆಗೂಡಿದಾಗ ನಡೆಯುವುದು. ಕಕ್ಕದಲ್ಲಿರುವ ಬ್ಯಾಕ್ಟೀರಿಯಾಗಳು ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಅದರಿಂದ ಚರ್ಮದ ಸಹಜ ಆಮ್ಲೀಯತೆ ಹೋಗಿ ಅದು ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರದಲ್ಲಿ ಕಕ್ಕದೊಳಗಿನ ಜೀರ್ಣಕಾರಿ ಕಿಣ್ವಗಳು ಚುರುಕಾಗುತ್ತವೆ. ಅವುಗಳಿಗೆ ಬೇಳೆಯ ಪ್ರೋಟೀನೂ ಒಂದೇ, ಕೂಸಿನ ಚರ್ಮವೂ ಒಂದೇ. ಬೆಳಗ್ಗೆ ಡೈಪರ್ ಬಿಚ್ಚಿದಾಗ ಕಣ್ಣಿಗೆ ಹೊಡೆಯುವ ಘಾಟು ಇದೇ ಅಮೋನಿಯದ್ದು. ಎದೆಹಾಲನ್ನೇ ಕುಡಿಯುವ ಎಳೆಗೂಸಿಗಿಂತ, ಮೇಲಿನ ಊಟ ತಿನ್ನುವ 9ರಿಂದ 12 ತಿಂಗಳ ಮಕ್ಕಳಲ್ಲಿ ಈ ದದ್ದು ಹೆಚ್ಚು.

ಇದು ತಿಳಿದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಕೂರಿಸಿ ಎಂಬ ಸಲಹೆ ಏಕೆ ತಪ್ಪು ಎಂಬುದೂ ತಿಳಿಯುತ್ತದೆ. ಈಗಾಗಲೇ ಕ್ಷಾರವಾದ ಚರ್ಮಕ್ಕೆ ಇನ್ನಷ್ಟು ಕ್ಷಾರ. ಸುಲಿದ ಚರ್ಮದ ಮೂಲಕ ಸೋಡಾ ಮೈಯೊಳಗೆ ಇಳಿಯುವ ಅಪಾಯ ಬೇರೆ. ಬಟ್ಟೆ ಸೋಪಿನಿಂದ, ಕಡು ವಾಸನೆಯ ಸಾಬೂನಿನಿಂದ ಪದೇ ಪದೇ ತೊಳೆಯುವುದೂ ಇದೇ ಜಾತಿಯ ತಪ್ಪು.

ನಾನು ಹಿಡಿದ ಎರಡನೆಯ ದೋಷ ನೀರಿನದು. ಮಲಪ್ರಭೆಯ ನೀರು ನಮ್ಮ ನಳಕ್ಕೆ ದಿನವೂ ಬರುವುದಿಲ್ಲ. ನಡುವಿನ ದಿನಗಳಲ್ಲಿ ಬೋರಿನ ನೀರು. ಆ ಗಡಸು ನೀರಿನಲ್ಲಿ ನೊರೆಯೇ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಇನ್ನೊಂದು ಹಿಡಿ ಸೋಪಿನ ಪುಡಿ ಸುರಿಯುತ್ತೇವೆ. ಹಿಂಡುವಾಗ ಅದು ಹೋಗುವುದಿಲ್ಲ. ಪರೀಕ್ಷೆ ಸುಲಭ: ಒಗೆದು ಒಣಗಿದ ಒಂದು ಲಂಗೋಟಿಯನ್ನು ಸ್ಟೀಲ್ ಬೋಗುಣಿಯ ಶುದ್ಧ ನೀರಿನಲ್ಲಿ ಅಲುಗಿಸಿ. ನೀರು ಹಾಲಿನಂತಾದರೆ ಅಥವಾ ಅಂಚಿನಲ್ಲಿ ನೊರೆ ಕಟ್ಟಿದರೆ ಅರಿವೆಯಲ್ಲಿ ಸೋಪು ಉಳಿದಿದೆ. ನಮ್ಮದು ತಿಳಿ ಮಜ್ಜಿಗೆಯಂತಾಯಿತು. ಗದಗದ ಕಡೆ ಬೋರಿನ ನೀರನ್ನೇ ನಂಬಿದವರಿಗೆ ಇದು ಹೊಸ ಸುದ್ದಿಯಲ್ಲ. ಸೋಪು ಅರ್ಧಕ್ಕೆ ಇಳಿಸಿ, ಕೊನೆಯ ಎರಡು ಸಲ ಜಾಲಿಸುವುದಕ್ಕಾದರೂ ನಳದ ನೀರನ್ನೋ ಹಿಡಿದಿಟ್ಟ ಮಳೆ ನೀರನ್ನೋ ಬಳಸಿ. ಸುವಾಸನೆಗೆಂದು ಹಾಕುವ ದ್ರಾವಣ ಬೇಡವೇ ಬೇಡ. ಅದು ಅರಿವೆ ಹೀರುವುದನ್ನೂ ಕಡಿಮೆ ಮಾಡುತ್ತದೆ.

ಅರಿವೆಯನ್ನು ಬುಟ್ಟಿಯ ಮೇಲೆ ಹರವಿ ಅಡಿಯಲ್ಲಿ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲಿದೆ. ಒಣಗಿಸಲು ಒಳ್ಳೆಯ ಉಪಾಯ. ಆದರೆ ಕೂಸು ಇಲ್ಲದ, ಕಿಟಕಿ ತೆರೆದ ಕೋಣೆಯಲ್ಲಿ. ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡದ ಹೊಗೆ ಕೂಸಿನ ಶ್ವಾಸಕೋಶಕ್ಕೆ ಕೆಟ್ಟದ್ದು. ನನಗೆ ಸುಲಭವಾಗಿದ್ದು ಇಸ್ತ್ರಿ ಪೆಟ್ಟಿಗೆ.

ಇನ್ನು ಅಂಗಡಿಯ ಡೈಪರ್ ಮೇಲಿನ ಸಿಟ್ಟಿನ ವಿಷಯ. ಹಿರಿಯರೆಲ್ಲ ಡೈಪರನ್ನೇ ಬೈಯುತ್ತಾರೆ. ಅವರ ಮಾತು ಪೂರ್ತಿ ಸರಿಯಲ್ಲ. ಒಳಗೆ ಜೆಲ್ ಇರುವ ಡೈಪರ್ ಉಚ್ಚೆಯನ್ನು ಚರ್ಮದಿಂದ ದೂರ ಎಳೆದಿಡುತ್ತದೆ. ಮಳೆಗಾಲದ ರಾತ್ರಿ, ಅರೆ ಒಣಗಿದ ಲಂಗೋಟಿಗಿಂತ ಅದೇ ವಾಸಿ. ಕೆಟ್ಟದ್ದು ಬೆಲೆ ನೋಡಿ ಒಂದೇ ಡೈಪರನ್ನು ಬೆಳಗಿನಿಂದ ಸಂಜೆಯವರೆಗೆ ಎಳೆಯುವುದು. ಎಲ್ಲಕ್ಕಿಂತ ಕೆಟ್ಟದ್ದು ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ. ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ಆ ಕ್ಷಣವೇ. ದಿನಕ್ಕೆ ನಾಲ್ಕೈದು ಸಲ ಹತ್ತು ಹದಿನೈದು ನಿಮಿಷ ಹಳೆಯ ಕೌದಿಯ ಮೇಲೆ ಬತ್ತಲೆ ಆಡಲು ಬಿಡಿ. ಕೌದಿ ಒದ್ದೆಯಾಗುತ್ತದೆ, ಆಗಲಿ. ಮನೆಮದ್ದುಗಳಲ್ಲಿ ನನ್ನ ಮೊದಲ ಅಂಕ ಗಾಳಿಗೆ.

ಹಚ್ಚುವ ಮದ್ದುಗಳ ಲೆಕ್ಕ

ಒದ್ದೆಯ ದೋಷಕ್ಕೆ ಬೇಕಾದದ್ದು ಒಂದು ಪದರ, ಚರ್ಮಕ್ಕೂ ಒದ್ದೆಗೂ ನಡುವೆ ಗೋಡೆ. ಔಷಧ ಅಂಗಡಿಯ ಜಿಂಕ್ ಆಕ್ಸೈಡ್ ಮುಲಾಮು ಇದಕ್ಕೆ ಎಲ್ಲಕ್ಕಿಂತ ಗಟ್ಟಿ. ಪೆಟ್ರೋಲಿಯಂ ಜೆಲ್ಲಿ ಎರಡನೆಯದು. ಹಚ್ಚುವುದರಲ್ಲೇ ಬಹಳ ಜನ ಎಡವುತ್ತಾರೆ: ಮುಖಕ್ಕೆ ಕ್ರೀಮ್ ಹಚ್ಚಿದಂತೆ ತೆಳ್ಳಗೆ ತೀಡಿ ಒಳಗಿಳಿಸುತ್ತಾರೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟ ಹಾಗೆ ದಪ್ಪಗೆ ಕೂರಬೇಕು, ಅಡಿಯ ಚರ್ಮ ಕಾಣಬಾರದು. ಮುಂದಿನ ಸಲ ಬದಲಿಸುವಾಗ ಕೊಳೆಯಾದ ಮೇಲ್ಪದರವನ್ನಷ್ಟೇ ಎಣ್ಣೆ ಅದ್ದಿದ ಹತ್ತಿಯಿಂದ ತೆಗೆದು, ಉಳಿದದ್ದನ್ನು ಹಾಗೆಯೇ ಬಿಟ್ಟು ಮೇಲೆ ಇನ್ನಷ್ಟು ಹಚ್ಚಿ. ಪ್ರತಿ ಸಲ ಪೂರ್ತಿ ಕೆರೆದು ತೆಗೆಯುವುದು ಹೊಸದಾಗಿ ಗಾಯ ಮಾಡಿದ ಹಾಗೆ.

ಕೊಬ್ಬರಿ ಎಣ್ಣೆ? ಸುಮ್ಮನೆ ಗುಲಾಬಿ ಬಣ್ಣ ಬಂದಿದ್ದರೆ, ಚರ್ಮ ಒಡೆದಿಲ್ಲದಿದ್ದರೆ ಧಾರಾಳವಾಗಿ ಹಚ್ಚಿ. ಆದರೆ ಅದು ಬೇಗ ಅರಿವೆಗೆ ಇಳಿದುಹೋಗುತ್ತದೆ, ಭೇದಿಯ ದಿನ ನಿಲ್ಲುವುದಿಲ್ಲ. ಉಪ್ಪಿಲ್ಲದ ಮನೆಯ ಬೆಣ್ಣೆ, ತುಪ್ಪ ಕೂಡ ಪದರವೇ, ಆದರೆ ಹಾಲಿನಂಶ ಉಳಿದ ಬೆಣ್ಣೆ ಮಡಿಕೆಯಲ್ಲಿ ಕೂತು ಹುಳಿ ವಾಸನೆ ಹೊಡೆಯುವುದನ್ನು ನಾನೇ ನೋಡಿದ್ದೇನೆ. ಎದೆಹಾಲು ಹಚ್ಚು ಎಂದು ಅವ್ವ ಹೇಳಿದಾಗ ನಾನು ನಕ್ಕಿದ್ದೆ. ಸಣ್ಣ ಪ್ರಯೋಗವೊಂದರಲ್ಲಿ ಅದು ಉರಿಯೂತ ಇಳಿಸುವ ಸೌಮ್ಯ ಹೈಡ್ರೋಕಾರ್ಟಿಸೋನ್ ಮುಲಾಮಿನಷ್ಟೇ ಕೆಲಸ ಮಾಡಿದೆ ಎಂದು ಓದಿದ ಮೇಲೆ ಅವ್ವನಿಗೆ ಫೋನ್ ಮಾಡಿ ಸೋಲೊಪ್ಪಿಕೊಂಡೆ. ನಾಲ್ಕು ಹನಿ ಹಚ್ಚಿ, ಆರಿದ ಮೇಲೆ ಅರಿವೆ ಕಟ್ಟಿ. ಲೋಳೆಸರ ಹಚ್ಚುವವರು ಎಲೆ ಕತ್ತರಿಸಿ ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ. ಸಿಪ್ಪೆಯ ಕೆಳಗಿನಿಂದ ಸೋರುವ ಹಳದಿ ರಸ ಚರ್ಮಕ್ಕೆ ಉರಿ ಕೊಡುತ್ತದೆ. ಒಳಗಿನ ತಿಳಿ ಲೋಳೆ ಸಾಕು.

ಬೇವಿನ ನೀರಿನ ಬಗ್ಗೆ ನನಗೆ ಒಲವೂ ಇಲ್ಲ, ಹಗೆಯೂ ಇಲ್ಲ. ತಣಿದ ನೀರಿನಲ್ಲಿ ತೊಳೆದದ್ದರಿಂದ ಬಂದ ಲಾಭವೇ ಅದರಲ್ಲಿ ಹೆಚ್ಚು. ಅರಿಶಿನದ ಮೇಲಿನ ನನ್ನ ದೂರು ಬೇರೆಯದು. ಕೆಲವು ಮಕ್ಕಳಿಗೆ ಅಲರ್ಜಿಯಾಗುತ್ತದೆ, ಅಂಗಡಿಯ ಪುಡಿಯಲ್ಲಿ ಬಣ್ಣದ ಕಲಬೆರಕೆಯೂ ಇರಬಹುದು, ಅದಿರಲಿ. ಅದು ಕೆಂಪನ್ನೇ ಮುಚ್ಚಿಬಿಡುತ್ತದೆ. ಇಂಡಿಕೇಟರ್ ದೀಪಕ್ಕೆ ಬಣ್ಣ ಬಳಿದು ದೋಷ ಹುಡುಕಲು ಆಗುವುದಿಲ್ಲ.

ಪೌಡರ್ ಬೇಡ, ಕೂಸಿನ ಮೂಗಿಗೆ ಹೋಗುತ್ತದೆ. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿಯಂತೂ ವಿಷ. ಒಡೆದ ಚರ್ಮದಿಂದ ಅದು ರಕ್ತಕ್ಕೆ ಸೇರುತ್ತದೆ, ಹಿಂದೆ ಇದರಿಂದ ಮಕ್ಕಳು ಸತ್ತದ್ದೂ ಇದೆ. ಕರ್ಪೂರ ಕಾಯಿಸಿದ ಎಣ್ಣೆಯನ್ನು ಎಳೆಗೂಸಿನ ಮೈಗೆ ಎಲ್ಲಿಯೂ ಹಚ್ಚಬಾರದು, ಅಪಸ್ಮಾರ ಬರಬಹುದು. ವರ್ಷದೊಳಗಿನ ಮಕ್ಕಳ ಕೈಗೆ, ಬಾಯಿಗೆ ತಲುಪುವಂತೆ ಜೇನುತುಪ್ಪವೂ ಬೇಡ.

ಇನ್ನು ಒಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಇವತ್ತು ಮುಲಾಮು ಶುರು ಮಾಡಿದರೆ ಇವತ್ತೇ ಸೋಪು, ಡೈಪರ್ ಕಂಪನಿ, ಎಣ್ಣೆ ಎಲ್ಲವನ್ನೂ ಬದಲಿಸಬೇಡಿ. ನಾನು ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಿದ್ದೆ. ಒದ್ದೆಯ ದದ್ದು ಎರಡು ಮೂರು ದಿನದಲ್ಲಿ ಇಳಿಯಲೇಬೇಕು. ಇಳಿಯದಿದ್ದರೆ ನಿಮ್ಮ ಊಹೆ ತಪ್ಪು. ಮದ್ದಿನ ಪ್ರಮಾಣ ಹೆಚ್ಚಿಸಬೇಡಿ, ಮತ್ತೆ ಮಡಿಕೆ ಬಿಡಿಸಿ ನೋಡಿ.

ಮಡಿಕೆಯೊಳಗಿನ ಕೆಂಪು

ನಮಗೆ ಹೀಗಾದದ್ದು ಆಗಸ್ಟಿನಲ್ಲಿ. ಕೂಸಿಗೆ ಕಿವಿ ನೋವೆಂದು ಐದು ದಿನ ಆ್ಯಂಟಿಬಯೋಟಿಕ್ ಕೊಟ್ಟಿದ್ದೆವು. ಮುಗಿದ ಮೂರನೆಯ ದಿನ ತೊಡೆಸಂದು ಕೆಂಪಾಯಿತು. ಜುಲೈಯಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಜಿಂಕ್ ಮುಲಾಮು ಮೆತ್ತಿದೆ. ನಾಲ್ಕು ದಿನ ಹೋಯಿತು, ಕೆಂಪು ಮಡಿಕೆಯಿಂದ ಹೊರಗೆ ಹರಡಿತು. ಅಂಚಿನಲ್ಲಿ ಆ ಸಾಸಿವೆ ಗುಳ್ಳೆಗಳು.

ಆಗ ಆದ ತಪ್ಪನ್ನು ಬರೆಯಲೇಬೇಕು. ನನ್ನ ಗಂಡ ಔಷಧ ಅಂಗಡಿಯೊಂದಕ್ಕೆ ಹೋಗಿ ವಿವರಿಸಿದರು. ಕೌಂಟರಿನಲ್ಲಿದ್ದವರು ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಮರುದಿನವೇ ಕೆಂಪು ಮಾಯ. ಮನೆಯಲ್ಲಿ ಎಲ್ಲರಿಗೂ ಸಂತೋಷ. ಬಿಟ್ಟ ಎರಡು ದಿನಕ್ಕೆ ಇಮ್ಮಡಿಯಾಗಿ ಬಂತು. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದಾಗ ಕಂಡದ್ದು: ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ, ಜೊತೆಗೆ ಕಡು ಸ್ಟೀರಾಯ್ಡ್. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ, ಶಿಲೀಂಧ್ರಕ್ಕೆ ಹಾದಿ ಮಾಡಿಕೊಡುತ್ತದೆ. ಅದರ ಮೇಲೆ ಡೈಪರ್ ಕಟ್ಟಿದರೆ ಮುಚ್ಚಳ ಹಾಕಿದ ಪಾತ್ರೆಯಂತೆ. ಚರ್ಮ ಔಷಧವನ್ನು ಇನ್ನೂ ಹೆಚ್ಚು ಹೀರುತ್ತದೆ, ತೆಳುವಾಗುತ್ತದೆ. ಫ್ಯೂಸ್ ಹಾರಿತೆಂದು ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಿದರೆ ದೀಪ ಹತ್ತುತ್ತದೆ, ನಿಜ. ವೈರಿಂಗ್ ಸುಡುವುದು ಆಮೇಲೆ. ಹೆಸರಿನ ಕೊನೆಗೆ ‘ಸೋನ್’, ‘ಸಾಲ್’ ಎಂದಿರುವ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಇದ್ದ ಟ್ಯೂಬನ್ನು ವೈದ್ಯರು ಹೇಳದೆ ಕೂಸಿಗೆ ಮುಟ್ಟಿಸಬೇಡಿ.

ಮಕ್ಕಳ ವೈದ್ಯರು ಕೂಸಿನ ಬಾಯಿ ತೆರೆಸಿ ನಾಲಿಗೆ ನೋಡಿದರು. ಒರೆಸಿದರೂ ಹೋಗದ ಬಿಳಿ ತೇಪೆ ಇತ್ತು. ಅದೇ ಶಿಲೀಂಧ್ರ ಮೇಲೂ ಕೆಳಗೂ. ಎದೆ ತೊಟ್ಟು ಉರಿಯುತ್ತಿದೆಯೇ ಎಂದು ನನ್ನನ್ನೂ ಕೇಳಿದರು. ಬರೆದುಕೊಟ್ಟದ್ದು ಶಿಲೀಂಧ್ರಕ್ಕಷ್ಟೇ ಹಚ್ಚುವ ಸಾದಾ ಕ್ಲೋಟ್ರಿಮಜೋಲ್ ಮುಲಾಮು ಮತ್ತು ಬಾಯಿಗೆ ಹನಿ. ಮೊದಲು ಅದನ್ನು ತೆಳ್ಳಗೆ, ಮೇಲೆ ಜಿಂಕ್ ಪದರ. ಕೆಂಪು ಹೋದ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಿದೆವು. ಈ ಕೆಂಪಿಗೆ ಮನೆಮದ್ದಿಲ್ಲ. ಗಾಳಿ, ಒಣ ಅರಿವೆ ನೆರವಾಗುತ್ತವೆ, ಗುಣ ಮಾಡುವುದಿಲ್ಲ.

ಬ್ಯಾಡಗಿಯ ಕೈ

ಮೊದಲನೆಯ ಸಲದ ಕತೆಯನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಅದು ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ತವರು ಬ್ಯಾಡಗಿ. ಮಾರ್ಚ್ ತಿಂಗಳು, ಊರಿಗೆ ಊರೇ ಮೆಣಸಿನಕಾಯಿಯ ಕೆಂಪು. ಎರಡು ತಿಂಗಳ ಕೂಸು ಲಂಗೋಟಿ ಬದಲಿಸಿದ ಐದೇ ನಿಮಿಷಕ್ಕೆ ಕಿರುಚಿ ಅಳತೊಡಗಿತು. ಬಿಚ್ಚಿ ನೋಡಿದರೆ ಕೆಂಪು. ಆದರೆ ಉಬ್ಬಿಗೂ ಅಲ್ಲ, ಮಡಿಕೆಗೂ ಅಲ್ಲ. ಎಡ ತೊಡೆಯ ಮೇಲೆ ನಾಲ್ಕು ಉದ್ದ ಪಟ್ಟೆ, ಕಾಲೆತ್ತಿ ಹಿಡಿದ ಬೆರಳುಗಳ ಗುರುತು. ಅದೇ ದಿನ ನಾನು ಮೇಲೆ ಹೇಳಿದ ಬೇವು, ಎಣ್ಣೆ, ಅರಿಶಿನ, ಪೌಡರಿನ ಮೆರವಣಿಗೆ ನಡೆಸಿದ್ದು.

ಮರುದಿನ ಮತ್ತೆ ಹಾಗೆಯೇ ಆದಾಗ ಅವ್ವ ತನ್ನ ಅಂಗೈಯನ್ನು ಮೂಗಿಗೆ ಹಿಡಿದು ನೋಡಿ ಸುಮ್ಮನಾದಳು. ಬೆಳಗಿನಿಂದ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿದಿದ್ದಳು. ‘ಸಾಬೂನು ಹಚ್ಚಿ ತೊಳೆದಿದ್ದೆನಲ್ಲ’ ಎಂದಳು. ತೊಳೆದಿದ್ದಳು, ನಿಜ. ಆದರೆ ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅಷ್ಟು ಖಾರವೂ ಎರಡು ತಿಂಗಳ ಚರ್ಮಕ್ಕೆ ಹೆಚ್ಚು. ಮೊದಲು ಅಂಗೈ, ಉಗುರುಸಂದಿಗೆ ಎಣ್ಣೆ ಉಜ್ಜಿ ಒರೆಸಿ, ಆಮೇಲೆ ಸಾಬೂನು; ಹೀಗೆ ಎರಡು ಸಲ. ಕೂಸಿನ ಚರ್ಮಕ್ಕೂ ಅದೇ ಕ್ರಮ: ಕೊಬ್ಬರಿ ಎಣ್ಣೆ ಸವರಿ ಹತ್ತಿಯಿಂದ ತೆಗೆದು, ತಣ್ಣೀರು ಬೆರೆಸಿದ ನೀರಿನಲ್ಲಿ ತೊಳೆದೆವು. ಅರ್ಧ ಗಂಟೆಯಲ್ಲಿ ಅಳು ನಿಂತಿತು. ಕೂಸನ್ನು ಮುಟ್ಟುವವರ ಕೈ, ಮಸಾಲೆ ಕುಟ್ಟುವ ದಿನ, ಹಸಿಮೆಣಸಿನ ಖಾರ ಅರೆಯುವ ದಿನ, ಇವೂ ತಪಾಸಣೆಯ ಪಟ್ಟಿಯಲ್ಲಿರಲಿ.

ಸೊಂಟದ ಗೆರೆಗೆ ಕಾರಣ ಬಹುಪಾಲು ಉಡದಾರ. ಕರಿದಾರ ಬೆವರು, ಎಣ್ಣೆ, ಉಚ್ಚೆ ಹೀರಿ ಡೈಪರಿನ ಅಂಚಿನ ಅಡಿ ಸಿಕ್ಕಿಕೊಳ್ಳುತ್ತದೆ. ದೃಷ್ಟಿಯ ವಾದಕ್ಕೆ ನಾನು ಇಳಿಯಲಿಲ್ಲ; ‘ಗಾಯ ಮಾಯುವವರೆಗೆ ತೊಟ್ಟಿಲಿಗೆ ಕಟ್ಟೋಣ, ಅತ್ತೆ’ ಎಂದೆ, ಒಪ್ಪಿದರು. ಗುದದ ಸುತ್ತಲಿನ ಕೆಂಪಿಗೆ ಭೇದಿ, ಇಲ್ಲವೆ ಆ ವಾರ ಹೊಸದಾಗಿ ತಿನ್ನಿಸಿದ್ದು ಕಾರಣ. ಮೇ ತಿಂಗಳ ಆಪೂಸ್ ಮಾವು, ಟೊಮೆಟೊ, ಕಿತ್ತಳೆ ನೆನಪಿಸಿಕೊಳ್ಳಿ. ಭೇದಿಗೆ ಓಆರ್‌ಎಸ್ ಮತ್ತು ಬಾಯಿಗೆ ಕೊಡುವ ಜಿಂಕ್ ಮಾತ್ರೆ ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತವೆ. ಜಿಂಕ್ 14 ದಿನ ಕೊಡಬೇಕು, ಆರು ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲಿನವರಿಗೆ 20.

ಕಾಯದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು: ಜ್ವರ, ಕೀವು, ನೀರುಗುಳ್ಳೆ, ಜೇನಿನ ಬಣ್ಣದ ಹಕ್ಕಳೆ, ರಕ್ತ, ತಿಂಗಳೊಳಗಿನ ಕೂಸು, ಹಾಲು ಕುಡಿಯದ, ಉಚ್ಚೆ ಕಡಿಮೆಯಾದ ಕೂಸು, ಗುದದ ಸುತ್ತ ಗಡಿ ಕೊರೆದಂತಹ ಕಡುಗೆಂಪು ಉಂಗುರ, ಬಾಯಿಯ ಸುತ್ತಲೂ ಕೆಳಗೂ ಒಟ್ಟಿಗೆ ಎದ್ದು ವಾರಗಟ್ಟಲೆ ಮಾಯದ ದದ್ದು, ಅದು ದೇಹದಲ್ಲಿ ಜಿಂಕ್ ಕೊರತೆಯ ಗುರುತಿರಬಹುದು. ಮನೆಯಲ್ಲಿ ಇತರರಿಗೂ ರಾತ್ರಿ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಕಜ್ಜಿಯಾದರೆ ಎಲ್ಲರಿಗೂ ಒಂದೇ ದಿನ ಚಿಕಿತ್ಸೆ ಬೇಕು.

ಹೋಗುವ ದಿನ ಕೂಸಿಗೆ ಏನನ್ನೂ ಹಚ್ಚಬೇಡಿ, ಚರ್ಮ ಕಾಣಬೇಕು. ಈವರೆಗೆ ಹಚ್ಚಿದ ಟ್ಯೂಬು, ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಜ್ಜಿಯ ಎಣ್ಣೆ ಬಾಟಲಿಯನ್ನೂ ಬಿಡದೆ. ಮೊದಲ ದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು. ತೋರಿಸಿದ ಮೇಲೆ ಅಳಿಸಿಬಿಡಿ.